ಹತ್ತು ಜನ ಸಿಗದ ಊರಿನಲ್ಲಿ ಮೂರು ಹೊತ್ತಿನ ಪ್ರಾರ್ಥನೆ

ಮಂಗಳೂರಿನಲ್ಲಿ ಸಿನಗಾಗ್, ಅಂದರೆ ನಮ್ಮ ಯಹೂದಿಗಳ ಪ್ರಾರ್ಥನಾ ಮಂದಿರ, ಇಲ್ಲ. ಹತ್ತು ಯಹೂದಿ ಗಂಡಸರನ್ನು ಒಂದೆಡೆ ಸೇರಿಸುವುದು ಆಗುವ ಮಾತಲ್ಲ. ಹಾಗಾಗಿ ತೀರಿಕೊಂಡವರಿಗಾಗಿಯೂ ಹೇಳುವ ದೇವಸ್ತುತಿ ಕದ್ದೀಶ್, ಧರ್ಮಗ್ರಂಥವಾದ ತೋರಾದ ವಾಚನ, ಹೀಗೆ ಮಿನ್ಯಾನ್ (ಆ ಹತ್ತು ಜನರ ಕೂಟ) ಬೇಕಾದ್ದೆಲ್ಲ ಇಲ್ಲಿ ಬಿಟ್ಟುಹೋಗುತ್ತದೆ. ಒಬ್ಬನೇ ಮಾಡಬಹುದಾದದ್ದು ಬೆಳಗಿನ ಶಖರಿತ್, ಮಧ್ಯಾಹ್ನದ ಮಿನ್ಖಾ, ರಾತ್ರಿಯ ಮಾರೀವ್. ಮಣಿಪಾಲಕ್ಕೆ ಓದಲು ಬರುವ ನಮ್ಮ ಸಂಬಂಧಿಕರ ಹುಡುಗರು ಬಂದ ಹೊಸತರಲ್ಲಿ ಎಲ್ಲವನ್ನೂ ಮಾಡುತ್ತಾರೆ, ಇಂಟರ್ನಲ್ಸ್ ಶುರುವಾದಾಗ ಎಲ್ಲವನ್ನೂ ಬಿಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ದೇವರು ಒಬ್ಬನೇ ಎಂದು ಸಾರುವ ಶೆಮಾ ಒಂದನ್ನು ಗಟ್ಟಿ ಮಾಡಿಕೊಳ್ಳಿ. ನಮ್ಮ ಬೆನೆ ಇಸ್ರೇಲಿ (ಕೊಂಕಣ ಕರಾವಳಿಯ ಯಹೂದಿ ಸಮುದಾಯ) ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸಿಕೊಂಡಿದ್ದಾಗ ಹೀಬ್ರೂ ಹೆಚ್ಚುಕಡಿಮೆ ಮರೆತೇಹೋಗಿತ್ತು. ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಊರವರು ಅವರನ್ನು ಶನಿವಾರ ತೇಲಿ (ಶನಿವಾರದ ಗಾಣಿಗರು) ಎಂದು ಕರೆದದ್ದು ಅದಕ್ಕೇ. ಬಾಯಲ್ಲಿ ಉಳಿದುಬಂದದ್ದು ಶೆಮಾ. ಒಂದೇ ಸಾಲು ತಾನೇ ಎಂದು ಸಸಾರ ಮಾಡಬೇಡಿ. ಬೆಳಗಿನ ಶೆಮಾಗೆ ಹಗಲಿನ ಮೊದಲ ಕಾಲುಭಾಗದ ಗಡುವು ಇದೆ. ಒಂಬತ್ತರೊಳಗೆ ಹೇಳಿಬಿಟ್ಟರೆ ಲೆಕ್ಕ ಹಾಕುವ ಗೋಜಿಲ್ಲ.

ಎದ್ದ ಕೂಡಲೇ ಹಾಸಿಗೆಯಲ್ಲೇ ಮೊದೆ ಆನಿ ಎಂಬ ಪುಟ್ಟ ಕೃತಜ್ಞತೆಯ ಪ್ರಾರ್ಥನೆ. ಅದರಲ್ಲಿ ದೇವರ ಹೆಸರು ಬರುವುದಿಲ್ಲ, ಆದ್ದರಿಂದ ಕೈ ತೊಳೆಯುವ ಮೊದಲೇ ಹೇಳಬಹುದು. ಆಮೇಲೆ ಚೊಂಬಿನಿಂದ ಬಲಗೈ, ಎಡಗೈ ಎಂದು ಬದಲಿಸುತ್ತಾ ಮೂರು ಮೂರು ಸಲ ನೀರು. ಮೊಬೈಲ್ ಮುಟ್ಟುವುದು ಅದಾದ ಮೇಲೆ. ಇದೊಂದರಲ್ಲಿ ನಾನು ರಾಜಿ ಇಲ್ಲದವನು.

ತೆಫಿಲಿನ್ (ಬೆಳಗಿನ ಪ್ರಾರ್ಥನೆಗೆ ತೋಳಿಗೂ ತಲೆಗೂ ಕಟ್ಟುವ, ಧರ್ಮಗ್ರಂಥದ ಸಾಲುಗಳಿರುವ ಪೆಟ್ಟಿಗೆಗಳು) ಕಟ್ಟುವವರಿಗೆ ಸೋಮಾರಿತನಕ್ಕಿಂತ ದೊಡ್ಡ ಶತ್ರು ಆಟಿಯ ಮಳೆ. ಪೆಟ್ಟಿಗೆಯೂ ಚರ್ಮ, ಪಟ್ಟಿಯೂ ಚರ್ಮ, ಒಳಗೆ ಶಾಯಿಯಲ್ಲಿ ಬರೆದ ಹಾಳೆಯೂ ಚರ್ಮ. ಬಟ್ಟೆಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟರೆ ಜುಲೈ ಮುಗಿಯುವಷ್ಟರಲ್ಲಿ ಪಟ್ಟಿಯ ಮಡಿಕೆಗಳಲ್ಲಿ ಬಿಳಿ ಬೂಸ್ಟು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ, ತಳಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಪೊಟ್ಟಣ ಬದಲಿಸುತ್ತಿರಿ. ಬೂಸ್ಟು ಕಂಡರೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿ. ಒದ್ದೆ ಬಟ್ಟೆ ಬೇಡ, ತೆಂಗಿನೆಣ್ಣೆ ಬೇಡ. ಬಿಸಿಲಿಗಂತೂ ಇಡಲೇಬೇಡಿ, ಚರ್ಮ ಸೊಟ್ಟಗಾಗಿ ಪೆಟ್ಟಿಗೆಯ ಚೌಕ ಕೆಟ್ಟರೆ ಆ ತೆಫಿಲಿನ್ ನಡೆಯುವುದಿಲ್ಲ. ಸ್ನಾನ ಮಾಡಿ ಬಂದರೆ ತಲೆ ಪೂರ್ತಿ ಒರೆಸಿಕೊಂಡೇ ಕಟ್ಟಿ. ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗಿ ಶನಿವಾರ ರಾತ್ರಿವರೆಗಿನ ವಿಶ್ರಾಂತಿ ದಿನವಾದ ಶಬ್ಬಾತ್‌ನಲ್ಲಿ ಹೇಗೂ ಕಟ್ಟುವಂತಿಲ್ಲ.

ಮುಖ ಜೆರುಸಲೇಮಿನ ಕಡೆಗೆ, ಅಂದರೆ ಇಲ್ಲಿಂದ ವಾಯವ್ಯ. ಕಡಲಿಗೆ ಎದುರಾಗಿ ನಿಂತು ಸ್ವಲ್ಪ ಬಲಕ್ಕೆ ತಿರುಗಿ. 12ನೇ ಶತಮಾನದಲ್ಲಿ ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದೇ ಊರಿನಲ್ಲಿ ವರ್ಷಗಟ್ಟಲೆ ಇದ್ದ. ಅವನಿಗೂ ದಿಕ್ಕು ಇದೇ.

ಕೈತಪ್ಪುವುದು ಯಾವಾಗಲೂ ಮಿನ್ಖಾ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಯ ಆಸುಪಾಸು. ಅಲ್ಲಿಂದ ಅರ್ಧ ಗಂಟೆ ಬಿಟ್ಟು ಹೊತ್ತು ಶುರು. ಮಧ್ಯಾಹ್ನ ಒಂದೂಕಾಲು ದಾಟಿದ್ದರೆ ವರ್ಷದ ಯಾವ ದಿನವೂ ಯೋಚಿಸಬೇಕಿಲ್ಲ. ಸಂಜೆ ಮಾಡಿದರಾಯಿತು ಎನ್ನುವವರಿಗೆ ಪಂಪ್‌ವೆಲ್‌ನ ಟ್ರಾಫಿಕ್‌ನಲ್ಲೇ ಸೂರ್ಯಾಸ್ತ. ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚುವ ಮೊದಲೇ ಮುಗಿಸಿ. ಮೂರು ಹೊತ್ತೂ ನಿಂತು ಹೇಳುವ ಮುಖ್ಯ ಪ್ರಾರ್ಥನೆಯೇ ಅಮಿದಾ; ವಾರದ ದಿನ ಅದರಲ್ಲಿ 19 ಸ್ತುತಿಗಳಿದ್ದರೂ ಪಿಸುದನಿಯಲ್ಲಿ ಹೇಳಿದರೆ ಬೇಗ ಆಗುತ್ತದೆ. ಆಫೀಸಿನಲ್ಲಿ ಒಬ್ಬರಿಗಾದರೂ ವಿಷಯ ತಿಳಿಸಿಟ್ಟಿರಿ. ನಮ್ಮಲ್ಲಿನ ಭಟ್ಟರು "ಓ, ನಿಮ್ಮದೂ ತ್ರಿಕಾಲವಾ ಮಾರಾಯ್ರೇ!" ಎಂದವರು ಈಗ ಆ ಹೊತ್ತಿಗೆ ರೆಕಾರ್ಡ್ ರೂಮಿನತ್ತ ಯಾರನ್ನೂ ಸುಳಿಯಗೊಡುವುದಿಲ್ಲ.

ತಿಂಡಿಯ ಸ್ತುತಿಗಳು ಸುಲಭ. ನೀರ್ ದೋಸೆ ಅಕ್ಕಿಯದ್ದಾದ್ದರಿಂದ ತಿನ್ನುವ ಮೊದಲು ಮೆಜೊನೋತ್ ಎಂಬ ಸ್ತುತಿ, ತಿಂದ ಮೇಲೆ ಚಿಕ್ಕದಾದ ಬೋರೆ ನೆಫಾಶೋತ್ ಎಂಬ ಸ್ತುತಿ. ಗೋಧಿ ಬ್ರೆಡ್ಡಿಗೆ ಇರುವ ಊಟದ ನಂತರದ ಉದ್ದದ ಬಿರ್ಕತ್ ಹಮಜೋನ್ ಇದಕ್ಕೆ ಬೇಡ.

ಮರೆತು ಮಿನ್ಖಾ ಬಿಟ್ಟುಹೋದರೆ ತಶ್ಲುಮಿನ್, ಅಂದರೆ ತಪ್ಪಿದ ಪ್ರಾರ್ಥನೆ ತುಂಬಿಕೊಡುವ ಕ್ರಮ, ಇದೆ: ಮಾರೀವ್‌ನಲ್ಲಿ ಅಮಿದಾ ಎರಡು ಸಲ, ಮೊದಲನೆಯದು ಆ ಹೊತ್ತಿನದು, ಎರಡನೆಯದು ತಪ್ಪಿದ್ದಕ್ಕೆ. ಬೇಕೆಂದೇ ಬಿಟ್ಟದ್ದಕ್ಕೆ ಈ ಅವಕಾಶವಿಲ್ಲ. ಹಿಂದಿನ ವಾರದ ಬಾಕಿಯನ್ನೂ ಹೀಗೆ ತೀರಿಸಲು ಬರುವುದಿಲ್ಲ, ಆದ್ದರಿಂದ ಬಾಕಿಪಟ್ಟಿ ಬರೆಯುತ್ತಾ ಕೂರಬೇಡಿ. ಶುಕ್ರವಾರದ ಮಿನ್ಖಾ ತಪ್ಪಿದ್ದರೆ ಆ ರಾತ್ರಿ ಎರಡೂ ಸಲ ಶಬ್ಬಾತಿನ ಅಮಿದಾವನ್ನೇ ಹೇಳಬೇಕು, ವಾರದ ದಿನದ್ದನ್ನಲ್ಲ.