ಲಕ್ಷಗಟ್ಟಲೆ ಕಟ್ಟಡಗಳನ್ನ ಮ್ಯಾಪಲ್ಲಿ ತೋರ್ಸೋಕೆ ನಾನು ಆರಿಸ್ಕೊಂಡ ಟೂಲ್‌ಗಳು

ಬೆಂಗಳೂರಿನ ಕೆರೆಗಳ ಸುತ್ತ ಎಲ್ಲೆಲ್ಲಿ ಎಷ್ಟು ಕಟ್ಟಡ ಎದ್ದಿದೆ ಅಂತ ಒಂದು ಮ್ಯಾಪ್ ಬೇಕಿತ್ತು, ಕೆರೆ ಕೆಲಸ ಮಾಡೋ ಗೆಳೆಯರು ಅದನ್ನ ಕೆರೆ ಏರಿ ಮೇಲೆ ನಿಂತು ಫೋನಲ್ಲೇ ನೋಡೋ ಹಾಗಿರ್ಬೇಕು. ಟೂಲ್ ಆರಿಸೋವಾಗ ಈ ಫೋನ್ ವಿಷಯವೇ ನಂಗೆ ಮುಖ್ಯವಾಯ್ತು.

ಡೇಟಾ ಗೂಗಲ್ ಓಪನ್ ಬಿಲ್ಡಿಂಗ್ಸ್‌ದು, ಅಂದ್ರೆ ಸ್ಯಾಟಲೈಟ್ ಚಿತ್ರ ನೋಡಿ ಕಂಪ್ಯೂಟರ್ ಗುರುತಿಸಿದ ಕಟ್ಟಡಗಳ ಔಟ್‌ಲೈನ್, ಮೂರನೇ ಆವೃತ್ತೀಲಿ ಅದರ ವ್ಯಾಪ್ತಿಗೆ ಬರೋ ದೇಶಗಳೆಲ್ಲ ಸೇರಿ 180 ಕೋಟಿ ಕಟ್ಟಡ ಇದೆ. ನಮಗೆ ಬೇಕಾದ ಭಾಗವನ್ನ ಡಕ್‌ಡಿಬಿ ಅನ್ನೋ ಡೇಟಾಬೇಸ್ ಟೂಲಲ್ಲಿ ಸೋಸಿದೆ, ಕಂಪ್ರೆಸ್ ಆಗಿರೋ ಸಿಎಸ್‌ವಿಯನ್ನ ಅದು ನೇರವಾಗೇ ಓದತ್ತೆ, ಡೇಟಾಬೇಸ್ ಸರ್ವರ್ ಏನೂ ಬೇಡ. ಕಾನ್ಫಿಡೆನ್ಸ್ (ಅದು ಕಟ್ಟಡವೇ ಅನ್ನೋ ಖಾತ್ರಿ, 1ಕ್ಕೆ ಎಷ್ಟು ಅಂತ) 0.7ಕ್ಕಿಂತ ಕಮ್ಮಿ ಇರೋದನ್ನ ಬಿಟ್ಟು ಫ್ಲಾಟ್‌ಜಿಯೋಬಫ್ ಅನ್ನೋ ಮ್ಯಾಪ್ ಫೈಲ್ ಮಾಡ್ಕೊಂಡು ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಸ್ಯಾಟಲೈಟ್ ಚಿತ್ರದ ಮೇಲಿಟ್ಟು ನೋಡ್ದೆ, ಯಾವುದು ಎಲ್ಲಿದೆ ಅಂತ ಬೇಗ ಹುಡುಕೋ ಸ್ಪೇಷಿಯಲ್ ಇಂಡೆಕ್ಸ್ ಫೈಲೊಳಗೇ ಇರೋದ್ರಿಂದ ಆರಾಮಾಗಿ ಓಡತ್ತೆ. ಬ್ರೌಸರಲ್ಲೇ ಮ್ಯಾಪ್ ಮಾಡೋ ಕೆಪ್ಲರ್ ಕೂಡ ಚೆನ್ನಾಗಿದೆ, ಫೈಲ್ ಎಳೆದು ಹಾಕಿದ್ರೆ ಮ್ಯಾಪ್ ರೆಡಿ, ಆದ್ರೆ ಇಡೀ ಡೇಟಾ ಬ್ರೌಸರ್ ಮೆಮೊರಿಗೇ ಹೋಗತ್ತೆ, ಫೋನಿಗೆ ಅದು ಆಗಲ್ಲ.

ಹಾಗಾಗಿ ವೆಕ್ಟರ್ ಟೈಲ್, ಅಂದ್ರೆ ಮ್ಯಾಪ್ ಡೇಟಾವನ್ನ ಚೌಕ ಚೌಕ ತುಣುಕು ಮಾಡಿಡೋದು, ಅದನ್ನ ಮಾಡೋ ಟೂಲ್ ಟಿಪ್ಪೆಕನೂ. ಇಲ್ಲಿ ಸ್ವಲ್ಪ ಹುಷಾರಾಗಿರ್ಬೇಕು. ಒಂದು ಟೈಲ್ 500 ಕೆಬಿ ದಾಟಬಾರದು ಅಂತ ಅದಕ್ಕೊಂದು ಮಿತಿ ಇದೆ, ಡ್ರಾಪ್ ಡೆನ್ಸೆಸ್ಟ್ ಅನ್ನೋ ಆಪ್ಷನ್ ಕೊಟ್ರೆ ಎಲ್ಲಿ ಒತ್ತೊತ್ತಾಗಿದೆಯೋ ಅಲ್ಲಿಂದಲೇ ಕಟ್ಟಡಗಳನ್ನ ತೆಗೆದುಬಿಡತ್ತೆ. ಅಂದ್ರೆ ದೂರದಿಂದ ನೋಡ್ದಾಗ ಚಿಕ್ಕಪೇಟೆಯೂ ಹೊರವಲಯದ ಲೇಔಟೂ ಹೆಚ್ಚುಕಮ್ಮಿ ಒಂದೇ ಥರ ಕಾಣತ್ತೆ! ಎಲ್ಲಿ ದಟ್ಟವಾಗಿದೆ ಅಂತ ತೋರ್ಸೋಕೇ ಮಾಡೋ ಮ್ಯಾಪಲ್ಲಿ ಅದು ಸುಳ್ಳು ಚಿತ್ರ, ನಾನಂತೂ ಒಪ್ಪಲ್ಲ. ಅದಕ್ಕೆ ಜೂಮ್ 13ರ ತನಕ (ಅಂಕಿ ಹೆಚ್ಚಾದಷ್ಟೂ ಮ್ಯಾಪ್ ಹತ್ತಿರ ಬರತ್ತೆ) ಕಟ್ಟಡ ತೋರ್ಸೋದೇ ಬೇಡ ಅಂತ ಎಚ್3 ಷಟ್ಕೋನಗಳನ್ನ ಹಾಕ್ದೆ, ಎಚ್3 ಅಂದ್ರೆ ಭೂಮಿಯನ್ನ ಷಟ್ಕೋನಗಳಾಗಿ ಹಂಚೋ ಒಂದು ಗ್ರಿಡ್, ಅದರಲ್ಲಿ ರೆಸಲ್ಯೂಷನ್ 9, ಒಂದೊಂದೂ ಸರಾಸರಿ 0.1 ಚದರ ಕಿಲೋಮೀಟರ್, ಅದರೊಳಗಿನ ಕಟ್ಟಡಗಳ ಒಟ್ಟು ವಿಸ್ತೀರ್ಣಕ್ಕೆ ತಕ್ಕ ಹಾಗೆ ಬಣ್ಣ. ಎಣಿಕೆ ಬೇಡ, ವಿಸ್ತೀರ್ಣವೇ ಸರಿ, ಯಾಕಂದ್ರೆ ಗೋಡೆಗೆ ಗೋಡೆ ಅಂಟಿಕೊಂಡಿರೋ ಕಡೆ ನಾಲ್ಕೈದು ಮನೆ ಸೇರಿ ಒಂದೇ ಕಟ್ಟಡ ಅಂತ ಡೇಟಾದಲ್ಲಿ ಬಂದಿರತ್ತೆ. 14ರಿಂದ ಮೇಲೆ ನಿಜವಾದ ಔಟ್‌ಲೈನ್, ಒಂದನ್ನೂ ಬಿಡದೆ.

ಎರಡನ್ನೂ ಟಿಪ್ಪೆಕನೂ ಜೊತೆಗೇ ಬರೋ ಟೈಲ್‌ಜಾಯಿನ್‌ನಲ್ಲಿ ಸೇರಿಸಿ ಒಂದೇ ಪಿಎಂಟೈಲ್ಸ್ ಫೈಲ್ ಮಾಡ್ದೆ, ಎಲ್ಲ ಟೈಲೂ ಈ ಒಂದೇ ಫೈಲಲ್ಲಿ ಇರತ್ತೆ. ತೋರ್ಸೋಕೆ ಮ್ಯಾಪ್‌ಲಿಬ್ರೆ, ವೆಬ್ ಪೇಜಲ್ಲಿ ಮ್ಯಾಪ್ ಬಿಡಿಸೋ ಲೈಬ್ರರಿ, 2020ರ ಕೊನೇಲಿ ಮ್ಯಾಪ್‌ಬಾಕ್ಸ್ ಲೈಸೆನ್ಸ್ ಬದಲಾಯಿಸಿದಾಗ ಕವಲೊಡೆದು ಬಂದಿದ್ದು, ಪೂರ್ತಿ ಮುಕ್ತ. ಟೈಲ್ ಸರ್ವರ್ ಬೇಡವೇ ಬೇಡ, ಕಣ್ಣಿಗೆ ಕಾಣೋ ಜಾಗದ್ದಷ್ಟೇ ತುಣುಕು ಫೋನಿಗೆ ಇಳಿಯತ್ತೆ. ಹೋಸ್ಟಿಂಗ್ ಕಡೆ ರೇಂಜ್ ರಿಕ್ವೆಸ್ಟ್ (ಫೈಲಿನ ಬೇಕಾದ ಭಾಗವನ್ನಷ್ಟೇ ಕೇಳೋದು) ಸಪೋರ್ಟ್ ಇದೆಯಾ ಅಂತ ಮಾತ್ರ ಮೊದಲೇ ನೋಡ್ಕೊಳ್ಳಿ, ಇಲ್ಲಾಂದ್ರೆ ಮ್ಯಾಪ್ ತೆರೆಯೋದೇ ಇಲ್ಲ.