ಕಂಗಿನ ಬುಡದ ಬಿಳಿ ನೂಲು

ನಮ್ಮ ಕಂಗಿನ ತೋಟ, ಅಂದ್ರೆ ಅಡಿಕೆ ತೋಟ, ಇರೋದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಯಲ್ಲಿ ಮುರಕಲ್ಲು, ಮೇಲೆ ಕೆಂಪು ಮಣ್ಣು. ಕೂಲಿಗೆ ಜನ ಸಿಗ್ಲಿಕ್ಕೆ ಕಷ್ಟ ಆದ್ಮೇಲೆ ಅಗತೆ (ಮಣ್ಣು ಅಗೆಯೋದು) ನಿಲ್ಸಿದ್ವಿ, ಬಿದ್ದ ಸೋಗೆಯನ್ನ ಅಲ್ಲೇ ತುಂಡು ಮಾಡಿ ಬುಡಕ್ಕೆ ಹಾಕೋದು, ಗುಡ್ಡೆಯಿಂದ ಕಾಟುಸೊಪ್ಪು ತಂದು ಮುಚ್ಚೋದು, ಕಳೆನಾಶಕ ಇಲ್ಲ, ಹುಲ್ಲು ಜಾಸ್ತಿ ಆದ್ರೆ ಮೆಷಿನಲ್ಲಿ ಹೆರೆಯೋದು ಅಷ್ಟೇ.

ಈಗ ಸೋಗೆ ಎತ್ತಿದ್ರೆ ಕೆಳಗೆಲ್ಲ ಬಿಳಿ ನೂಲು ಹಬ್ಬಿರ್ತದೆ, ಮಣ್ಣು ಕಡ್ಲೆಕಾಳಿನಷ್ಟು ಸಣ್ಣ ಸಣ್ಣ ಉಂಡೆಯಾಗಿ ಕೈಗೆ ಬರ್ತದೆ. ಈ ಕಾಣುವ ನೂಲು ಸೋಗೆ ಕೊಳೆಸೋ ಶಿಲೀಂಧ್ರದ್ದು. ಬೇರಿನ ಒಳಗೇ ಹೊಕ್ಕು ಕೂರೋ ಮೈಕೋರೈಝಾ ಅನ್ನೋ ಶಿಲೀಂಧ್ರ ಬೇರೆ, ಅದು ಬರಿಗಣ್ಣಿಗೆ ಕಾಣೋದಿಲ್ಲ, ತುಂಬ ಜನ ಎರಡೂ ಒಂದೇ ಅಂದ್ಕೊಳ್ತಾರೆ. ಕಂಗು, ತೆಂಗಿನ ಬೇರಲ್ಲಿ ಬೇರುಗೂದಲು ಇಲ್ಲ. ನಮ್ಮ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಎಲ್ಲ ರಂಜಕವನ್ನ ಗಟ್ಟಿ ಹಿಡ್ಕೊಂಡಿರ್ತದೆ, ಹಾಗಾಗಿ ಬೇರಿಗೆ ಎಟುಕದ ಜಾಗದಿಂದ ರಂಜಕ ತಂದು ಕೊಡೋದು ಈ ಮೈಕೋರೈಝಾ ಎಳೆಗಳೇ, ಮರ ಅದಕ್ಕೆ ಸಕ್ಕರೆ ಅಂಶ ಕೊಡ್ತದೆ. ರಂಜಕದ ಗೊಬ್ಬರ ಸುರಿದಷ್ಟೂ ಬೇರಲ್ಲಿ ಇದು ಕಮ್ಮಿ ಆಗ್ತದೆ, ಅದಕ್ಕೇ ನಾನು ಮಣ್ಣು ಪರೀಕ್ಷೆ ಮಾಡಿಸದೆ ಹಾಕೋದಿಲ್ಲ.

ಶಿಲೀಂಧ್ರದ ಎಳೆಗಳು ಮಣ್ಣನ್ನೂ ಕಟ್ಟಿ ಹಿಡೀತವೆ, ನಂಬಿಕೆ ಬರದವರು ಒಂದು ಕೆಲ್ಸ ಮಾಡಿ ನೋಡಿ. ತೋಟದ ಒಂದು ಉಂಡೆ, ಬೋಳು ಜಾಗದ ಒಂದು ಉಂಡೆ, ಎರಡನ್ನೂ ಚೆನ್ನಾಗಿ ಒಣಗಿಸಿ ಎರಡು ಗ್ಲಾಸ್ ನೀರಿಗೆ ಮೆಲ್ಲ ಬಿಡಿ. ನಾನು ಮಾಡಿದಾಗ ಬೋಳು ಜಾಗದ್ದು ಗುಳ್ಳೆ ಎದ್ದು ಹಾಗೇ ಕುಸಿದು ನೀರೆಲ್ಲ ಕೆಂಪಾಯ್ತು, ತೋಟದ್ದು ಒಂದು ಚೂರು ಉದುರಿದ್ದು ಬಿಟ್ರೆ ಹಾಗೇ ನಿಂತಿತ್ತು, ಆಚೆ ಬದಿ ಕಾಣುವಷ್ಟು ನೀರು ತಿಳಿ. ಎಳೆಗಳು ಮಣ್ಣಿನ ಕಣಗಳನ್ನ ಸುತ್ತಿ ಹಿಡೀತವೆ, ಜೊತೆಗೆ ಶಿಲೀಂಧ್ರ, ಬ್ಯಾಕ್ಟೀರಿಯಾ ಬಿಡುವ ಅಂಟೂ ಸೇರ್ತದೆ. ವರ್ಷಕ್ಕೆ 3000 ಮಿ.ಮೀ. ಮೇಲೆ ಮಳೆ ಬೀಳುವ ಊರಲ್ಲಿ ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ, ತೋಡಲ್ಲಿ ಕೆಂಪು ನೀರು ಹೋಯ್ತು ಅಂದ್ರೆ ಹೋದದ್ದು ನಮ್ಮ ಮೇಲ್ಮಣ್ಣೇ.

ಅಡಿಕೆಯ ಕೊಳೆರೋಗ ಮಹಾಳಿಗೆ ಬೋರ್ಡೋ ಮದ್ದು ಬಿಡ್ಲೇಬೇಕು, ಅದನ್ನ ನಿಲ್ಲಿಸಿ ಅಂತ ನಾನು ಹೇಳೋದಿಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, ಇದೇ ಶೇಕಡ 1ರ ದ್ರಾವಣ. ಆದ್ರೆ ಮೈಲುತುತ್ತಿನ ತಾಮ್ರ ಶಿಲೀಂಧ್ರಕ್ಕೆ ವಿಷ, ಅದು ಮಣ್ಣಲ್ಲೇ ಉಳೀತದೆ, ಕರಗಿ ಹೋಗುವ ವಸ್ತು ಅಲ್ಲ, ಹಾಗಾಗಿ ಬೇಕಾದಷ್ಟೇ ಮದ್ದು ಕಲೆಸೋದು, ಮಿಕ್ಕಿದ್ದನ್ನ ಕಂಗಿನ ಬುಡಕ್ಕೆ ಚೆಲ್ಲೋದಿಲ್ಲ. ರೋಗ ತರೋ ಶಿಲೀಂಧ್ರಗಳನ್ನ ತಡೆಯೋ ಟ್ರೈಕೋಡರ್ಮಾ ಅನ್ನೋ ಒಳ್ಳೆ ಶಿಲೀಂಧ್ರ ಹಾಕೋದಾದ್ರೆ ಮಳೆ ಮುಗಿದ್ಮೇಲೆ, ಹಟ್ಟಿಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಟ್ಟು ಹಾಕ್ತೇನೆ, ಮದ್ದು ಬಿಡುವ ದಿನಗಳಲ್ಲಿ ಅದನ್ನ ಮುಟ್ಟೋದಿಲ್ಲ.