ಕೆಟ್ಟ ಡೊಮೇನ್ ಕಂಟ್ರೋಲರನ್ನು ಬಲವಂತವಾಗಿ ಕಳಚುವುದು

ಡೊಮೇನ್ ಕಂಟ್ರೋಲರ್ ಎಂದರೆ ವಿಂಡೋಸ್ ನೆಟ್‌ವರ್ಕಿನ ಖಾತೆಗಳನ್ನೂ ಲಾಗಿನ್‌ಗಳನ್ನೂ ನೋಡಿಕೊಳ್ಳುವ ಸರ್ವರ್. ಸಾಮಾನ್ಯ ಡಿಮೋಷನ್ (ಆ ಪಾತ್ರದಿಂದ ಇಳಿಸುವುದು) ಆಗಬೇಕಾದರೆ ಸರ್ವರ್ ಇನ್ನೊಂದು ಡೊಮೇನ್ ಕಂಟ್ರೋಲರ್ ಜೊತೆ ಮಾತಾಡಿ, ತನ್ನಲ್ಲಿ ಉಳಿದಿರುವ ಬದಲಾವಣೆಗಳನ್ನು ಅದಕ್ಕೆ ಒಪ್ಪಿಸಬೇಕು. ಡೇಟಾಬೇಸ್ ಹಾಳಾಗಿದ್ದರೆ, ಇಲ್ಲವೇ ರೆಪ್ಲಿಕೇಷನ್ (ಕಂಟ್ರೋಲರ್‌ಗಳ ನಡುವಿನ ಡೇಟಾ ನಕಲು) ನಿಂತು ಟೂಂಬ್‌ಸ್ಟೋನ್ ಅವಧಿ (ಅಳಿಸಿದವುಗಳ ಗುರುತು ಉಳಿಯುವ ಕಾಲ, ಸಾಮಾನ್ಯವಾಗಿ 180 ದಿನ) ದಾಟಿದ್ದರೆ ಅದು ನಡೆಯುವುದಿಲ್ಲ. ಬಲವಂತದ ದಾರಿ ಇರುವುದೇ ಆಗ.

ಮೊದಲು ಆರೋಗ್ಯವಾಗಿರುವ ಇನ್ನೊಂದು ಕಂಟ್ರೋಲರ್ ಇದೆಯೇ ನೋಡಿ. ಅದರ ಮೇಲೆ 'ಡಿಸಿಡಯಾಗ್' ಎಂಬ ತಪಾಸಣಾ ಆಜ್ಞೆ ಓಡಿಸಿ, ಸಿಸ್ಟಮ್ ಸ್ಟೇಟ್ ಬ್ಯಾಕಪ್ ತೆಗೆದಿಡಿ. ಇರುವುದೇ ಒಂದು ಎಂದಾದರೆ ಇಲ್ಲಿಗೇ ನಿಲ್ಲಿಸಿ: ಪಾತ್ರ ಕಿತ್ತರೆ ಡೊಮೇನೇ ಹೋಗುತ್ತದೆ, ಬ್ಯಾಕಪ್‌ನಿಂದ ರಿಸ್ಟೋರ್ ಮಾಡುವುದೇ ಸರಿ. ಸರ್ಟಿಫಿಕೇಟ್ ಸರ್ವಿಸಸ್ ಅದೇ ಸರ್ವರ್‌ನಲ್ಲಿದ್ದರೆ ಅದರ ಬ್ಯಾಕಪ್ ತೆಗೆದು ಮೊದಲು ಅದನ್ನು ತೆಗೆದುಹಾಕಿ.

ಈಗ ಕೆಟ್ಟ ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತು, ಪವರ್‌ಶೆಲ್‌ನಲ್ಲಿ 'ಅನ್‌ಇನ್‌ಸ್ಟಾಲ್-ಎಡಿಡಿಎಸ್‌ಡೊಮೇನ್‌ಕಂಟ್ರೋಲರ್' ಆಜ್ಞೆಯನ್ನು 'ಫೋರ್ಸ್‌ರಿಮೂವಲ್' ಮತ್ತು 'ಡಿಮೋಟ್‌ಆಪರೇಷನ್‌ಮಾಸ್ಟರ್‌ರೋಲ್' ಸ್ವಿಚ್‌ಗಳೊಂದಿಗೆ ಕೊಡಿ. 2008 ಆರ್2 ಮತ್ತು ಅದಕ್ಕೂ ಹಳೆಯ ಸರ್ವರ್‌ಗಳಲ್ಲಿ ಇದೇ ಕೆಲಸಕ್ಕೆ 'ಡಿಸಿಪ್ರೋಮೋ' ಆಜ್ಞೆಯ 'ಫೋರ್ಸ್‌ರಿಮೂವಲ್' ಸ್ವಿಚ್. ಕೇಳಿದಾಗ ಲೋಕಲ್ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಟ್ಟು ಬರೆದಿಟ್ಟುಕೊಳ್ಳಿ; ರೀಬೂಟ್ ಆದಮೇಲೆ ಸರ್ವರ್ ವರ್ಕ್‌ಗ್ರೂಪ್‌ನಲ್ಲಿ ಏಳುತ್ತದೆ, ಒಳಹೋಗಲು ಅದೊಂದೇ ಕೀಲಿ. ಇದೂ ಕೈಕೊಟ್ಟರೆ ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿ. ರಿಜಿಸ್ಟ್ರಿಯಲ್ಲಿ 'ಪ್ರಾಡಕ್ಟ್‌ಟೈಪ್' ತಿದ್ದುವ ಹಳೆಯ ಉಪಾಯ ಈಗ ಬೇಡ.

ಇಷ್ಟಾದರೂ ಸರ್ವರ್ ಹೋದ ಸುದ್ದಿ ಡೊಮೇನ್‌ಗೆ ಗೊತ್ತಿಲ್ಲ. ಉಳಿದ ಕೆಲಸವೆಲ್ಲ ಆರೋಗ್ಯವಾಗಿರುವ ಕಂಟ್ರೋಲರ್ ಮೇಲೆ.

'ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಒ' ಕೊಟ್ಟು ಒಂದೊಂದೂ ಒಂದೇ ಕಂಟ್ರೋಲರ್ ಬಳಿ ಇರುವ 5 ವಿಶೇಷ ಪಾತ್ರಗಳು ಯಾರ ಹತ್ತಿರ ಇವೆ ನೋಡಿ. ಸತ್ತ ಸರ್ವರ್ ಹೆಸರು ಬಂದರೆ 'ಮೂವ್-ಎಡಿಡೈರೆಕ್ಟರಿಸರ್ವರ್‌ಆಪರೇಷನ್‌ಮಾಸ್ಟರ್‌ರೋಲ್' ಆಜ್ಞೆಗೆ 'ಫೋರ್ಸ್' ಸೇರಿಸಿ ಆ ಪಾತ್ರಗಳನ್ನು ಕಸಿದುಕೊಳ್ಳಿ. ರಿಡ್ ಮಾಸ್ಟರ್ (ಖಾತೆಗಳ ಗುರುತಿನ ಸಂಖ್ಯೆ ಹಂಚುವ ಪಾತ್ರ) ಕಸಿದ ಮೇಲೆ ಹಳೆಯ ಸರ್ವರಿನ ಹಳೆಯ ಇಮೇಜ್ ಎಂದೂ ನೆಟ್‌ವರ್ಕಿಗೆ ಬರಬಾರದು. ಬಂದರೆ ಒಂದೇ ಎಸ್‌ಐಡಿ (ಖಾತೆಯ ಭದ್ರತಾ ಗುರುತು) ಎರಡು ಖಾತೆಗಳಿಗೆ ಸಿಗಬಹುದು.

ಬಳಿಕ 'ಯೂಸರ್ಸ್ ಅಂಡ್ ಕಂಪ್ಯೂಟರ್ಸ್'‌ನ ಡೊಮೇನ್ ಕಂಟ್ರೋಲರ್ಸ್ ವಿಭಾಗದಿಂದ ಆ ಸರ್ವರನ್ನು ಅಳಿಸಿ, 'ಶಾಶ್ವತವಾಗಿ ಆಫ್‌ಲೈನ್' ಎಂಬರ್ಥದ ಪೆಟ್ಟಿಗೆಗೆ ಟಿಕ್ ಹಾಕಿ. 2008 ಮತ್ತು ನಂತರದ ಕನ್ಸೋಲ್ ಮೆಟಾಡೇಟಾವನ್ನೂ (ಆ ಸರ್ವರ್ ಬಗ್ಗೆ ಡೈರೆಕ್ಟರಿಯಲ್ಲಿ ಉಳಿದ ದಾಖಲೆ) ತಾನೇ ಒರೆಸುತ್ತದೆ. 'ಎನ್‌ಟಿಡಿಎಸ್‌ಯುಟಿಲ್' ಎಂಬ ಕಮಾಂಡ್ ಸಾಧನದ ಜೊತೆ ಗುದ್ದಾಡಬೇಕಿಲ್ಲ. 'ಸೈಟ್ಸ್ ಅಂಡ್ ಸರ್ವಿಸಸ್'‌ನಲ್ಲಿ ಖಾಲಿ ಸರ್ವರ್ ಆಬ್ಜೆಕ್ಟ್ ಉಳಿದಿರುತ್ತದೆ, ಅದನ್ನೂ ತೆಗೆಯಿರಿ.

ಹೆಚ್ಚಿನವರು ಎಡವುವುದು ಹೆಸರಿನಿಂದ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ. ಎಂಎಸ್‌ಡಿಸಿಎಸ್ ವಲಯ ಮತ್ತು ಡೊಮೇನಿನ ವಲಯದ ಸಿನೇಮ್, ಎಸ್‌ಆರ್‌ವಿ, ಎನ್‌ಎಸ್, ಎ ದಾಖಲೆಗಳಲ್ಲಿ ಹಳೆಯ ಹೆಸರು, ಐಪಿ ಹುಡುಕಿ ಅಳಿಸಿ. ಡಿಎಚ್‌ಸಿಪಿಯ 006ನೇ ಆಯ್ಕೆಯಲ್ಲಿ (ಕಂಪ್ಯೂಟರ್‌ಗಳಿಗೆ ಕೊಡುವ ಡಿಎನ್‌ಎಸ್ ಸರ್ವರ್ ವಿಳಾಸ) ಅದೇ ಐಪಿ ಉಳಿದಿದ್ದರೆ ಲಾಗಿನ್ ನಿಧಾನವಾಗುತ್ತದೆ, ದೂರು ನಿಮ್ಮ ಮೇಜಿಗೇ ಬರುತ್ತದೆ. ಡೊಮೇನಿನ ಗಡಿಯಾರ ನೋಡಿಕೊಳ್ಳುವ ಪಿಡಿಸಿ ಪಾತ್ರ ಬದಲಾಗಿದ್ದರೆ ಹೊಸ ಸರ್ವರಿಗೆ ಹೊರಗಿನ ಸಮಯದ ಮೂಲ ಹೊಂದಿಸಿ.

ಕೊನೆಗೆ ರೆಪ್ಲಿಕೇಷನ್ ಸರಿಯಿದೆಯೇ ನೋಡಲು 'ರೆಪ್‌ಅಡ್ಮಿನ್ ರೆಪ್ಲ್‌ಸಮರಿ' ಓಡಿಸಿ. ಎಲ್ಲ ಕಂಟ್ರೋಲರ್‌ಗಳಿಂದಲೂ ಹಳೆಯ ಹೆಸರು ಮಾಯವಾಗುವವರೆಗೆ ಅದೇ ಹೆಸರಿನಲ್ಲಿ ಹೊಸ ಸರ್ವರ್ ಸೇರಿಸಬೇಡಿ.